ಮುಳಬಾಗಿಲಿನ ಸೌಂದರ್ಯ ತೆಲುಗಿನ ತಾರೆಯಾದದ್ದು ಹೇಗೆ?

ಕೋಲಾರದ ಕಡೆ ನಟಿ ಸೌಂದರ್ಯ ಅವರ ಮಾತು ಬಂದರೆ ಎರಡು ಆಕ್ಷೇಪಗಳಲ್ಲಿ ಒಂದಾದರೂ ಹೊರಬೀಳುತ್ತದೆ. ನಮ್ಮ ಮುಳಬಾಗಿಲಿನ ಹುಡುಗಿ ಕನ್ನಡ ಬಿಟ್ಟು ತೆಲುಗಿಗೆ ಹೋದಳು ಎಂಬುದು ಒಂದು. ಕನ್ನಡದವರಿಗೆ ಆಕೆಯ ಬೆಲೆ ತಿಳಿಯಲಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುವುದೂ ಉಂಟು. 1992ರಿಂದ 2004ರಲ್ಲಿ ತೀರಿಕೊಳ್ಳುವವರೆಗಿನ ಹನ್ನೆರಡು ವರ್ಷಗಳಲ್ಲಿ ಐದು ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ಬಹುಪಾಲು ತೆಲುಗು. ಲೆಕ್ಕ ನೋಡಿದರೆ ಆಕ್ಷೇಪ ನಿಜವೇ ಎನಿಸುತ್ತದೆ. ಆದರೆ ಒಬ್ಬ ನಟಿಯ ಚಿತ್ರಗಳ ಪಟ್ಟಿ ಆಕೆಯ ಇಷ್ಟದಿಂದಲೋ ಒಂದು ಭಾಷೆಯವರ ಉಪೇಕ್ಷೆಯಿಂದಲೋ ಮಾತ್ರ ತಯಾರಾಗುವುದಿಲ್ಲ. ಯಾವ ಊರಿನ ಟಾಕೀಸಿನಲ್ಲಿ ಯಾವ ಭಾಷೆ ಓಡುತ್ತದೆ, ಕಾಲ್‌ಶೀಟ್ ಹೇಗೆ ಹಂಚಿಹೋಗುತ್ತದೆ, ಡಬ್ಬಿಂಗ್ ಎಲ್ಲಿ ಉಂಟು ಎಲ್ಲಿ ಇಲ್ಲ, ಟಿ.ವಿ. ಹಕ್ಕು ಯಾರ ಕೈಯಲ್ಲಿದೆ ಎಂಬುದೆಲ್ಲ ಅದರೊಳಗೆ ಇರುತ್ತದೆ. ಸೌಂದರ್ಯ ಅವರ ವೃತ್ತಿಜೀವನ ಇವನ್ನೆಲ್ಲ ಬಿಡಿಸಿ ನೋಡಲು ಒಳ್ಳೆಯ ಉದಾಹರಣೆ.

ಮೊದಲು ಊರಿನಿಂದಲೇ ಶುರು ಮಾಡಬೇಕು. ಮುಳಬಾಗಿಲು ತಾಲ್ಲೂಕು ಕರ್ನಾಟಕದ ಪೂರ್ವದ ಅಂಚು. ಹೆದ್ದಾರಿಯಲ್ಲಿ ನಂಗಲಿ ದಾಟಿದರೆ ಆಂಧ್ರದ ಪಲಮನೇರು. ದಕ್ಷಿಣಕ್ಕೆ ತಮಿಳುನಾಡು ದೂರವಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಪೇಟೆಗೆ ಹೋದರೆ ತಮಿಳು. ಇದು ಇಲ್ಲಿ ಯಾರೂ ಹೊಗಳಿಕೊಳ್ಳುವ ಸಂಗತಿಯಲ್ಲ, ದಿನದ ವ್ಯವಹಾರ. ಚಿಂತಾಮಣಿ, ಶ್ರೀನಿವಾಸಪುರ, ಬಾಗೇಪಲ್ಲಿಯ ಸಂತೆಯಲ್ಲಿ ಒಂದೇ ಚೌಕಾಸಿ ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಸಿನಿಮಾ ವ್ಯಾಪಾರದವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕರ್ನಾಟಕವನ್ನು ಅವರು ವಿತರಣೆಯ ವಲಯಗಳಾಗಿ ಹಂಚಿಕೊಂಡಾಗ ಬೆಂಗಳೂರು, ಕೋಲಾರ, ತುಮಕೂರು ಸೇರಿಸಿ ಬಿ.ಕೆ.ಟಿ. ಎಂದು ಕರೆದರು. ತೆಲುಗು ಚಿತ್ರ ಕೊಳ್ಳುವವನಿಗೆ ಕರ್ನಾಟಕದೊಳಗೆ ಮೊದಲು ಕಣ್ಣು ಹೋಗುವ ಜಾಗಗಳಲ್ಲಿ ಇದೂ ಒಂದು. ಹೈದರಾಬಾದಿನಲ್ಲಿ ಬಿಡುಗಡೆಯಾದ ಚಿತ್ರದ ಪೋಸ್ಟರ್ ಕೋಲಾರದ ಗೋಡೆಯ ಮೇಲೆ ಕನ್ನಡ ಚಿತ್ರದ ಪೋಸ್ಟರಿನ ಪಕ್ಕದಲ್ಲೇ ಇರುತ್ತಿತ್ತು. ಹಾಗಾಗಿ ಮುಳಬಾಗಿಲಿನಿಂದ ತೆಲುಗಿಗೆ ಹೋಗುವುದು ಎಂದರೆ ಧಾರವಾಡದಿಂದಲೋ ಮಂಗಳೂರಿನಿಂದಲೋ ಹೋದಂತಲ್ಲ. ನೋಡುತ್ತ ಬೆಳೆದ ಪರದೆಯ ಒಳಕ್ಕೇ ಹೋದಂತೆ.

ಸೌಂದರ್ಯ ಎಂಬುದು ಪರದೆಯ ಹೆಸರು; ಮನೆಯಲ್ಲಿ ಇಟ್ಟದ್ದು ಸೌಮ್ಯ. ತಂದೆ ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲಿ ಬರಹಗಾರರಾಗಿ, ನಿರ್ಮಾಪಕರಾಗಿ ಇದ್ದವರು. ಮಗಳು ವೈದ್ಯಕೀಯ ಓದುತ್ತಿದ್ದಾಗ ಅವಕಾಶ ಬಂತು, ಓದು ಅಲ್ಲಿಗೆ ನಿಂತಿತು. 1992ರಲ್ಲಿ 'ಗಂಧರ್ವ', ಅದೇ ವರ್ಷ 'ಬಾ ನನ್ನ ಪ್ರೀತಿಸು', ಎರಡೂ ಶಶಿಕುಮಾರ್ ಜೊತೆ. ಅಂದರೆ ಕನ್ನಡ ಆಕೆಗೆ ಬಾಗಿಲು ತೆರೆಯಲಿಲ್ಲ ಎನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ತೆರೆದದ್ದೇ ಕನ್ನಡ. ಮರುವರ್ಷ 1993ರಲ್ಲಿ ತೆಲುಗಿನ 'ಮನವರಾಲಿ ಪೆಳ್ಳಿ' ಬಂತು. ಅದರ ಬೆನ್ನಿಗೇ ಎಸ್.ವಿ. ಕೃಷ್ಣಾರೆಡ್ಡಿ ನಿರ್ದೇಶನದ 'ರಾಜೇಂದ್ರುಡು ಗಜೇಂದ್ರುಡು', ಬಹುಮಾನವಾಗಿ ಆನೆಯೊಂದನ್ನು ಗೆದ್ದು ಪೇಚಿಗೆ ಸಿಕ್ಕವನ ನಗೆಚಿತ್ರ. ತಮಿಳಿನ 'ಪೊನ್ನುಮಣಿ'ಯೂ ಅದೇ ವರ್ಷದ್ದು. 1994ರ 'ಹಲೋ ಬ್ರದರ್' ಗೆದ್ದ ಮೇಲೆ ಆಕೆ ತೆಲುಗಿನಲ್ಲಿ ಹೊಸಬರಾಗಿ ಉಳಿಯಲಿಲ್ಲ.

ಈಗ ಮಾರುಕಟ್ಟೆಯ ಲೆಕ್ಕ. 2001ರ ಜನಗಣತಿಯ ಪ್ರಕಾರ ಅಂದಿನ ಅವಿಭಜಿತ ಆಂಧ್ರಪ್ರದೇಶದ ಜನಸಂಖ್ಯೆ ಸುಮಾರು 7.6 ಕೋಟಿ, ಕರ್ನಾಟಕದ್ದು ಸುಮಾರು 5.3 ಕೋಟಿ. ಅಂತರ ಅಷ್ಟೇ ಆಗಿದ್ದರೆ ದೊಡ್ಡ ವಿಷಯವಲ್ಲ. ನೈಜಾಂ (ತೆಲಂಗಾಣ), ಸೀಡೆಡ್ (ರಾಯಲಸೀಮೆ), ಗೋದಾವರಿ ಜಿಲ್ಲೆಗಳು, ಕೃಷ್ಣಾ, ಗುಂಟೂರು, ನೆಲ್ಲೂರು ಎಂದು ವಲಯವಲಯವಾಗಿ ತೆಲುಗು ಚಿತ್ರ ಮಾರಾಟವಾಗುತ್ತಿತ್ತು, ಮತ್ತು ಆ ಊರುಗಳ ಟಾಕೀಸುಗಳಲ್ಲಿ ತೆಲುಗಿನದೇ ಆಳ್ವಿಕೆ. ಕರ್ನಾಟಕದಲ್ಲಿ ಹಾಗಿರಲಿಲ್ಲ. ಬೆಂಗಳೂರಿನ ಚಿತ್ರಮಂದಿರಗಳನ್ನು ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಹಂಚಿಕೊಳ್ಳುತ್ತಿದ್ದವು. ಕೋಲಾರ ಜಿಲ್ಲೆಯಲ್ಲಿ ಪೈಪೋಟಿ ಇನ್ನೂ ಬಿಗಿ. ಕನ್ನಡ ನಿರ್ಮಾಪಕನ ಕೈಗೆ ತಿರುಗಿ ಬರುವ ಹಣ ಕಡಿಮೆ, ಆದ್ದರಿಂದ ಬಂಡವಾಳ ಕಡಿಮೆ, ಆದ್ದರಿಂದ ಚಿತ್ರೀಕರಣದ ದಿನಗಳೂ ಸಂಭಾವನೆಯೂ ಕಡಿಮೆ. ನಾಯಕ ನಟರು ಇದನ್ನು ತಾಳಿಕೊಳ್ಳಬಲ್ಲರು, ಏಕೆಂದರೆ ಚಿತ್ರ ಮಾರಾಟವಾಗುವುದೇ ಅವರ ಹೆಸರಿನಲ್ಲಿ. ನಾಯಕಿಗೆ ಆ ಆಸರೆ ಇರಲಿಲ್ಲ. ಆಕೆಯ ಬೇಡಿಕೆಯ ಕಾಲ ಚಿಕ್ಕದು. ಐದಾರು ವರ್ಷದಲ್ಲಿ ಹೊಸ ಮುಖ ಹುಡುಕುವ ಉದ್ಯಮ ಅದು. ಅಷ್ಟರೊಳಗೆ ಕೆಲಸ ಹೆಚ್ಚು ಇರುವ ಕಡೆಗೆ ಆಕೆ ಹೋಗುತ್ತಾಳೆ. ಇದರಲ್ಲಿ ಭಾಷಾಪ್ರೇಮದ ಪ್ರಶ್ನೆ ಹುಡುಕುವವರು ತಮ್ಮ ಮಕ್ಕಳು ಹೈದರಾಬಾದಿನಲ್ಲಿ ನೌಕರಿ ಹಿಡಿದಾಗ ಅದೇ ಪ್ರಶ್ನೆ ಕೇಳುವುದಿಲ್ಲ.

ಇಲ್ಲಿ ಕಾಲ್‌ಶೀಟ್ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಅದು ಬರೀ ತಾರೀಖಿನಂತೆ ಕೇಳಿಸುತ್ತದೆ. ನಟಿ ಚಿತ್ರ ಒಪ್ಪಿಕೊಂಡಳು ಎಂದರೆ ಇಂತಿಷ್ಟು ದಿನಗಳನ್ನು ಆ ನಿರ್ಮಾಪಕನಿಗೆ ಬರೆದುಕೊಟ್ಟಳು ಎಂದರ್ಥ. ಆ ದಿನಗಳು ಒಟ್ಟಿಗೆ ಬರುವುದಿಲ್ಲ. ಸೆಟ್ ಸಿದ್ಧವಾದಾಗ ಕೆಲವು, ಹಾಡಿಗೆ ಕೆಲವು, ನಾಯಕ ನಟ ಸಿಕ್ಕಾಗ ಕೆಲವು. ಇಬ್ಬರೂ ಮುಖ್ಯ ಕಲಾವಿದರು ಒಂದೇ ದೃಶ್ಯದಲ್ಲಿ ಬೇಕಾದಾಗ ಇಬ್ಬರ ದಿನಗಳೂ ಹೊಂದಬೇಕು. ಚಿತ್ರರಂಗದಲ್ಲಿ ಇದಕ್ಕೆ ಕಾಂಬಿನೇಷನ್ ಎನ್ನುತ್ತಾರೆ, ಮ್ಯಾನೇಜರುಗಳ ನಿದ್ದೆ ಕೆಡಿಸುವುದು ಇದೇ. ದೊಡ್ಡ ನಾಯಕನ ದಿನ ಮೊದಲು ಗೊತ್ತಾಗುತ್ತದೆ, ನಾಯಕಿಯ ದಿನ ಅದಕ್ಕೆ ಹೊಂದಿಕೊಳ್ಳುತ್ತದೆ. 1990ರ ದಶಕದ ಹೊತ್ತಿಗೆ ತೆಲುಗು ಚಿತ್ರರಂಗ ಮದ್ರಾಸನ್ನು ಬಿಟ್ಟು ಹೈದರಾಬಾದಿನಲ್ಲಿ ನೆಲೆಯೂರಿತ್ತು. ಅಲ್ಲಿ ಸ್ಟುಡಿಯೋಗಳಿದ್ದವು, 1996ರಲ್ಲಿ ರಾಮೋಜಿ ಫಿಲಂ ಸಿಟಿಯೂ ಬಂತು. ಒಂದೇ ಊರಿನಲ್ಲಿ ಬೆಳಿಗ್ಗೆ ಒಂದು ಚಿತ್ರ, ಸಂಜೆ ಇನ್ನೊಂದು ಚಿತ್ರ ಎಂದು ದಿನವನ್ನು ಒಡೆದು ಕೊಡಬಹುದಿತ್ತು. ಬೆಂಗಳೂರಿನ ಒಂದು ಕನ್ನಡ ಚಿತ್ರಕ್ಕೆ ನಡುವೆ ನಾಲ್ಕು ದಿನ ಬೇಕೆಂದರೆ ಪ್ರಯಾಣ ಸೇರಿ ಹೈದರಾಬಾದಿನ ಎರಡು ಮೂರು ಚಿತ್ರಗಳ ಹೊಂದಾಣಿಕೆ ಕೆಡುತ್ತದೆ. ಒಮ್ಮೆ ಒಂದು ಉದ್ಯಮದ ಕಾಲ್‌ಶೀಟ್ ಚಕ್ರಕ್ಕೆ ಸಿಕ್ಕಿದ ನಟಿ ಇನ್ನೊಂದು ಉದ್ಯಮಕ್ಕೆ ಅಪರೂಪವಾಗುವುದು ಹೀಗೆ. 1996ರಲ್ಲಿ ರವಿಚಂದ್ರನ್ ಅವರ 'ಸಿಪಾಯಿ', 1998ರಲ್ಲಿ 'ದೋಣಿ ಸಾಗಲಿ', 2001ರಲ್ಲಿ 'ಶ್ರೀ ಮಂಜುನಾಥ': ಆ ವರ್ಷಗಳಲ್ಲಿ ಆಕೆ ಕನ್ನಡಕ್ಕೆ ಬರುತ್ತಲೇ ಇದ್ದರು, ನಡುವೆ ಬಿಡುವು ಉದ್ದವಾಗಿತ್ತು ಅಷ್ಟೇ. ಇವುಗಳಲ್ಲಿ 'ಸಿಪಾಯಿ', 'ಶ್ರೀ ಮಂಜುನಾಥ' ಎರಡರಲ್ಲೂ ತೆಲುಗಿನ ಚಿರಂಜೀವಿ ಇದ್ದರು ಎಂಬುದನ್ನು ಗಮನಿಸಿದರೆ ಗಡಿ ಎಷ್ಟು ತೆಳುವಾಗಿತ್ತು ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಕಾರಣ ಕನ್ನಡಿಗರದೇ. 1960ರ ದಶಕದ ಚಳವಳಿಯ ನಂತರ ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತುಹೋಗಿತ್ತು. ಕಾನೂನಿನ ನಿಷೇಧವಲ್ಲ, ಚಿತ್ರರಂಗದ ಒಳಗಿನ ಕಟ್ಟುಪಾಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಡುವವರೆಗೂ ಅದು ಗಟ್ಟಿಯಾಗಿಯೇ ಇತ್ತು. ಕನ್ನಡದ ಕಲಾವಿದರನ್ನೂ ತಂತ್ರಜ್ಞರನ್ನೂ ಅದು ಕಾಪಾಡಿತು ಎನ್ನುವವರ ವಾದದಲ್ಲಿ ಹುರುಳಿದೆ. ಆದರೆ ಸೌಂದರ್ಯ ಅವರ ಮಟ್ಟಿಗೆ ಅದರ ಪರಿಣಾಮ ವಿಚಿತ್ರವಾಗಿತ್ತು. ತೆಲುಗು ಬಲ್ಲ ಮುಳಬಾಗಿಲಿನವರು ಆಕೆಯ ಚಿತ್ರಗಳನ್ನು ತೆಲುಗಿನಲ್ಲೇ ನೋಡಿದರು. ತೆಲುಗು ಬಾರದ ಹಾವೇರಿಯವರಿಗೂ ಶಿರಸಿಯವರಿಗೂ ಆಕೆಯ ಅತ್ಯುತ್ತಮ ಪಾತ್ರಗಳು ಮುಟ್ಟಲೇ ಇಲ್ಲ. ಕಥೆ ಮುಟ್ಟಿತು, ರೀಮೇಕ್ ರೂಪದಲ್ಲಿ, ಬೇರೊಬ್ಬ ನಟಿಯ ಮುಖದಲ್ಲಿ. ವೆಂಕಟೇಶ್ ಜೊತೆ ಆಕೆ ನಟಿಸಿದ 1996ರ 'ಪವಿತ್ರ ಬಂಧಂ' ಒಂದು ವರ್ಷದ ಕರಾರಿನ ಮದುವೆಯ ಕಥೆ. ಅದು ಕನ್ನಡದಲ್ಲಿ 'ಮಾಂಗಲ್ಯಂ ತಂತುನಾನೇನ' ಆದಾಗ ನಾಯಕಿ ರಮ್ಯಕೃಷ್ಣ. ತೆಲುಗಿನ ಹುಡುಗಿಯ ಪಾತ್ರವನ್ನು ಕನ್ನಡದ ನಟಿ ಮಾಡಿದ್ದು, ಅದೇ ಪಾತ್ರವನ್ನು ಕನ್ನಡದಲ್ಲಿ ಹೊರಗಿನ ನಟಿ ಮಾಡಿದ್ದು! ಹೀಗಿರುವಾಗ ಕನ್ನಡಿಗರು ಆಕೆಯನ್ನು ಗುರುತಿಸಲಿಲ್ಲ ಎಂದು ದೂರುವುದರಲ್ಲಿ ಅರ್ಧ ಅನ್ಯಾಯವಿದೆ. ಅವರು ನೋಡುವುದಕ್ಕೆ ದಾರಿಯೇ ಇರಲಿಲ್ಲ.

ತೆಲುಗಿನವರು ನೋಡಿದ್ದೇನು? 1995ರಲ್ಲಿ ಬಂದ ಕೋಡಿ ರಾಮಕೃಷ್ಣ ನಿರ್ದೇಶನದ 'ಅಮ್ಮೋರು' ಗ್ರಾಮದೇವತೆಯ ಕಥೆ. ತೆಲುಗಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸನ್ನು ದೊಡ್ಡ ಮಟ್ಟದಲ್ಲಿ ಬಳಸಿದ ಮೊದಮೊದಲ ಚಿತ್ರಗಳಲ್ಲಿ ಅದೂ ಒಂದು ಎಂದು ಎಲ್ಲರೂ ಹೇಳುತ್ತಾರೆ. ಇಂದು ನೋಡಿದರೆ ಆ ಗ್ರಾಫಿಕ್ಸ್ ನಗು ತರಿಸುತ್ತದೆ. ಚಿತ್ರ ನಿಂತಿರುವುದು ಸೌಂದರ್ಯ ಅವರ ಮೇಲೆ. ಅತ್ತೆಮನೆಯ ಕಾಟಕ್ಕೆ ಸಿಕ್ಕಿ, ದೇವತೆಯೊಬ್ಬಳನ್ನೇ ನಂಬಿ ಬದುಕುವ ಬಡ ಹೆಣ್ಣಿನ ಪಾತ್ರ. ಆಕೆ ದೇವರ ಮುಂದೆ ಅಳುವಾಗ ಕೈ ಮುಗಿದ ಭಕ್ತೆಯ ಅಳುವಿಗಿಂತ ಜಗಳವಾಡುವ ಮಗಳ ಅಳು ಹೆಚ್ಚು ಕಾಣುತ್ತದೆ. ಕೋಲಾರಮ್ಮನ ಗುಡಿಯಲ್ಲೋ ಊರಿನ ಗಂಗಮ್ಮನ ಜಾತ್ರೆಯಲ್ಲೋ ಹೆಂಗಸರು ದೇವಿಯನ್ನು ಏಕವಚನದಲ್ಲಿ ಗದರಿಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಈ ಚಿತ್ರ ನಮ್ಮ ಜಿಲ್ಲೆಯಲ್ಲಿ ಅಷ್ಟು ಹಿಡಿಸಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

1998ರ 'ಅಂತಃಪುರಂ' ಇನ್ನೂ ಮೇಲಿನದು. ಕೃಷ್ಣವಂಶಿ ನಿರ್ದೇಶನ. ಗಂಡನ ಜೊತೆ ವಿದೇಶದಿಂದ ರಾಯಲಸೀಮೆಗೆ ಬಂದ ಹೆಣ್ಣು, ಅಲ್ಲಿನ ಕುಲದ್ವೇಷದಲ್ಲಿ ಗಂಡನನ್ನು ಕಳೆದುಕೊಂಡು, ಮಾವನ ಕೋಟೆಯಂಥ ಮನೆಯಿಂದ ಮಗುವನ್ನು ಎತ್ತಿಕೊಂಡು ತಪ್ಪಿಸಿಕೊಳ್ಳಲು ಹೆಣಗುತ್ತಾಳೆ. ಮಾವನಾಗಿ ಪ್ರಕಾಶ್ ರಾಜ್, ಗಂಡನಾಗಿ ಸಾಯಿಕುಮಾರ್. ಪ್ರಕಾಶ್ ರಾಜ್ ಕನ್ನಡ ರಂಗಭೂಮಿಯಿಂದ ಹೋದವರು. ಸಾಯಿಕುಮಾರ್ ಅವರನ್ನು ಕನ್ನಡಿಗರು 'ಪೊಲೀಸ್ ಸ್ಟೋರಿ'ಯಿಂದ ತಮ್ಮವರನ್ನಾಗಿ ಮಾಡಿಕೊಂಡಿದ್ದರು. ತೆಲುಗಿನ ಒಳ್ಳೆಯ ಚಿತ್ರವೊಂದರ ನಡುಮನೆಯಲ್ಲಿ ಕನ್ನಡಕ್ಕೆ ಪರಿಚಿತವಾದ ಮೂರು ಮುಖಗಳು. ತೆಲುಗರು ಸೌಂದರ್ಯ ಅವರನ್ನು ಹಿಂದಿನ ತಲೆಮಾರಿನ ಹೆಸರಾಂತ ನಟಿ ಸಾವಿತ್ರಿಗೆ ಹೋಲಿಸಲು ತೊಡಗಿದ್ದು ಸೀರೆ ಉಡುತ್ತಾರೆ ಎಂಬ ಕಾರಣಕ್ಕಷ್ಟೇ ಅಲ್ಲ. ಇಂಥ ಪಾತ್ರಗಳಲ್ಲಿ ಮಾತಿಗೆ ಮುಂಚೆಯೇ ಮುಖದಲ್ಲಿ ವಿಷಯ ತಿಳಿಸಿಬಿಡುತ್ತಿದ್ದರು. ತಮಿಳಿನಲ್ಲಿ ರಜನಿಕಾಂತ್ ಜೊತೆಗಿನ 'ಅರುಣಾಚಲಂ', 'ಪಡೆಯಪ್ಪ'ಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಚಿತ್ರ ದೊಡ್ಡವು, ಆಕೆಗೆ ಅವುಗಳಲ್ಲಿ ಕೆಲಸ ಸಣ್ಣದು.

ಹಿಂದಿಯ ಕಥೆ ಬೇರೆ. 1999ರ 'ಸೂರ್ಯವಂಶಂ' ಆಕೆಯ ಒಂದೇ ಹಿಂದಿ ಚಿತ್ರ, ಅಮಿತಾಭ್ ಬಚ್ಚನ್ ನಾಯಕ, ನಿರ್ದೇಶಕ ತೆಲುಗಿನ ಇ.ವಿ.ವಿ. ಸತ್ಯನಾರಾಯಣ. ತಮಿಳಿನಲ್ಲಿ ಹುಟ್ಟಿದ ಕಥೆ, ತೆಲುಗಿಗೆ ಹೋಗಿ, ಕನ್ನಡದಲ್ಲಿ ವಿಷ್ಣುವರ್ಧನ್ ಅವರ 'ಸೂರ್ಯವಂಶ'ವಾಗಿ, ಹಿಂದಿಗೂ ಹೋಯಿತು. ಹಿಂದಿಯಲ್ಲಿ ಸೌಂದರ್ಯ ಅವರ ಮುಖಕ್ಕೆ ಧ್ವನಿ ಕೊಟ್ಟವರು ರೇಖಾ. ಟಾಕೀಸಿನಲ್ಲಿ ಚಿತ್ರ ಹೇಳಿಕೊಳ್ಳುವಂತೆ ಓಡಲಿಲ್ಲ. ಆದರೆ ಅದೇ ವರ್ಷ ಸೆಟ್ ಮ್ಯಾಕ್ಸ್ ಚಾನೆಲ್ ಶುರುವಾಯಿತು, ಆ ಚಾನೆಲ್ ಈ ಚಿತ್ರವನ್ನು ಹಾಕಿದ್ದೇ ಹಾಕಿದ್ದು. ಇಂದು ದೇಶದಲ್ಲಿ ಅದರ ಮರುಪ್ರಸಾರ ಒಂದು ಗಾದೆಯಷ್ಟೇ ಪ್ರಸಿದ್ಧ.

ಟಿ.ವಿ. ಎಂದರೆ ಧಾರಾವಾಹಿ ಎಂದುಕೊಂಡವರಿಗೆ ಇದು ಹೊಳೆಯುವುದಿಲ್ಲ: ಸಿನಿಮಾ ನಟರ ಬಾಳಿಕೆಯನ್ನು ನಿರ್ಧರಿಸುವುದರಲ್ಲಿ ಚಾನೆಲ್ಲುಗಳ ಪಾಲು ದೊಡ್ಡದು. ನಿರ್ಮಾಪಕ ಚಿತ್ರದ ಉಪಗ್ರಹ ಪ್ರಸಾರದ ಹಕ್ಕನ್ನು ಚಾನೆಲ್ಲಿಗೆ ಮಾರುತ್ತಾನೆ. ಒಪ್ಪಂದದ ಅವಧಿ ಮುಗಿಯುವವರೆಗೆ ಚಾನೆಲ್ ಅದನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಮತ್ತೊಮ್ಮೆ ಹಾಕುವುದಕ್ಕೆ ಖರ್ಚಿಲ್ಲ, ನಡುವೆ ಬರುವ ಜಾಹೀರಾತಿನಿಂದ ಆದಾಯ ಉಂಟು. ಹಾಗಾಗಿ ಮನೆಮಂದಿ ಒಟ್ಟಿಗೆ ಕೂತು ನೋಡಬಹುದಾದ ಚಿತ್ರಕ್ಕೆ ಚಾನೆಲ್ಲಿನಲ್ಲಿ ಆಯಸ್ಸು ಹೆಚ್ಚು, ಟಾಕೀಸಿನಲ್ಲಿ ಸೋತಿದ್ದರೂ ಸರಿಯೇ. ನಟನಟಿಯರಿಗೆ ಸಾಮಾನ್ಯವಾಗಿ ಇದರಲ್ಲಿ ಪಾಲಿಲ್ಲ. ಚಿತ್ರೀಕರಣದ ಹೊತ್ತಿಗೆ ಮಾತಾದ ಸಂಭಾವನೆಯೇ ಕೊನೆ. 1990ರ ದಶಕದ ನಡುಭಾಗದಲ್ಲಿ ಕೇಬಲ್ ಬಂದಾಗ ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಿಗೆ ಕನ್ನಡದ ಉದಯ ಟಿ.ವಿ.ಯೂ ತೆಲುಗಿನ ಜೆಮಿನಿ ಟಿ.ವಿ.ಯೂ ಒಟ್ಟಿಗೆ ಬಂದವು. ಸೌಂದರ್ಯ ಧಾರಾವಾಹಿಯಿಂದ ಹೆಸರು ಮಾಡಿದವರಲ್ಲ, ಆದರೂ ಟಿ.ವಿ. ಬಿಟ್ಟರೆ ಆಕೆಯ ಇಂದಿನ ಜನಪ್ರಿಯತೆಯನ್ನು ವಿವರಿಸಲಾಗದು. 2004ರ ನಂತರ ಹುಟ್ಟಿದವರು ಆಕೆಯನ್ನು ಬಲ್ಲದ್ದು ಭಾನುವಾರ ಮಧ್ಯಾಹ್ನದ ಪರದೆಯಿಂದಲೇ.

ಈಗ ನನ್ನ ಮಟ್ಟಿಗೆ ಮುಖ್ಯವಾದ ಚಿತ್ರಕ್ಕೆ ಬರುತ್ತೇನೆ. ತೆಲುಗಿನಲ್ಲಿ ಬೇಡಿಕೆಯ ಉತ್ತುಂಗದಲ್ಲಿದ್ದಾಗಲೇ ಸೌಂದರ್ಯ ಕನ್ನಡದಲ್ಲಿ ಒಂದು ಚಿತ್ರ ನಿರ್ಮಿಸಿದರು. ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ, 'ದ್ವೀಪ'. ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ. ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ಬಡ ಕುಟುಂಬವೊಂದು ಗುಡ್ಡದ ಮೇಲೆ ಉಳಿದುಬಿಡುತ್ತದೆ. ಗಂಡ ಗಣಪನಾಗಿ ಅವಿನಾಶ್, ಮಾವ ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್, ಹೆಂಡತಿ ನಾಗಿಯಾಗಿ ಸೌಂದರ್ಯ. ಇಡೀ ಚಿತ್ರದಲ್ಲಿ ಮಳೆ ಸುರಿಯುತ್ತಲೇ ಇರುತ್ತದೆ. ಒದ್ದೆ ಸೀರೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಗಿ ಏನಾದರೊಂದು ಕೆಲಸ ಮಾಡುತ್ತಲೇ ಇರುತ್ತಾಳೆ. ತವರಿನ ಕಡೆಯ ಕೃಷ್ಣ ಸಹಾಯಕ್ಕೆ ಬಂದಾಗ ಆಕೆಗೆ ನಗು ಬರುತ್ತದೆ, ಆ ನಗುವೇ ಗಂಡನಿಗೆ ಚುಚ್ಚುತ್ತದೆ. ಗಂಡನ ಸಂಶಯ ಆಕೆಗೆ ಗೊತ್ತಾಗುವ ಗಳಿಗೆಯಲ್ಲಿ ಸೌಂದರ್ಯ ಕಣ್ಣೀರು ಹಾಕುವುದಿಲ್ಲ, ಎದುರಾಡುವುದೂ ಇಲ್ಲ. ಕೆಲಸದ ವೇಗ ಸ್ವಲ್ಪ ಬದಲಾಗುತ್ತದೆ, ಅಷ್ಟೇ. ಕೊನೆಗೆ ನೀರು ಇಳಿದಾಗ ಗಂಡ ಅದನ್ನೆಲ್ಲ ದೇವರ ಲೆಕ್ಕಕ್ಕೆ ಬರೆದು ಕೈಮುಗಿಯುತ್ತಾನೆ. ರಾತ್ರಿಯೆಲ್ಲ ಎಚ್ಚರವಿದ್ದು ಮನೆ ಕಾದವಳ ಹೆಸರು ಅಲ್ಲಿ ಇಲ್ಲ. ಕಥೆಯ ಜಾಗ ಶರಾವತಿಯ ಮಲೆನಾಡು, ನೀರು ಮುಳುಗಿಸುವ ಸೀಮೆ; ಅಭಿನಯಿಸಿದವರು ನೀರಿಗಾಗಿ ಸಾವಿರ ಅಡಿ ಬೋರ್‌ವೆಲ್ ಕೊರೆಯುವ ಸೀಮೆಯವರು. ಆ ದೂರ ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲ.

'ದ್ವೀಪ' ಅತ್ಯುತ್ತಮ ಕಥಾಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಈ ಪ್ರಶಸ್ತಿಯಲ್ಲಿ ಒಂದು ಸೂಕ್ಷ್ಮವಿದೆ: ಸ್ವರ್ಣಕಮಲ ನಿರ್ದೇಶಕರಿಗೂ ನಿರ್ಮಾಪಕರಿಗೂ ಸಲ್ಲುತ್ತದೆ. ಆದ್ದರಿಂದ ಆಕೆಗೆ ಅದು ಬಂದದ್ದು ಅಭಿನಯಕ್ಕಲ್ಲ, ನಿರ್ಮಾಪಕಿಯಾಗಿ. ಇದಕ್ಕೆ ಮುಂಚೆ ಕಾಸರವಳ್ಳಿಯವರಿಗೆ ಅದೇ ಪ್ರಶಸ್ತಿ ತಂದ 'ತಾಯಿ ಸಾಹೇಬ'ವನ್ನು ನಿರ್ಮಿಸಿ ನಟಿಸಿದವರು ಜಯಮಾಲಾ. ಜನಪ್ರಿಯ ಚಿತ್ರಗಳಲ್ಲಿ ದುಡಿದ ಇಬ್ಬರು ನಟಿಯರು ಕನ್ನಡದ ಗಂಭೀರ ಚಿತ್ರಗಳಿಗೆ ಹಣ ಹೂಡಿದರು ಎಂಬುದನ್ನು ನಮ್ಮ ಸಿನಿಮಾ ಚರಿತ್ರೆ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು. ಕನ್ನಡ ಬಿಟ್ಟು ಹೋದಳು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

2002 ಮತ್ತು 2003ರಲ್ಲಿ ಮಲಯಾಳದಲ್ಲಿ ಎರಡು ಚಿತ್ರಗಳು, ಒಂದು ಜಯರಾಂ ಜೊತೆ, ಇನ್ನೊಂದು ಮೋಹನ್‌ಲಾಲ್ ಜೊತೆ. 2003ರಲ್ಲಿ ಮದುವೆ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರದ ಕಡೆಗೆ ಹೊರಟ ಸಣ್ಣ ವಿಮಾನ ಏರಿದ ಸ್ವಲ್ಪ ಹೊತ್ತಿನಲ್ಲೇ ಬಿತ್ತು. ಸೌಂದರ್ಯ ಮತ್ತು ಅಣ್ಣ ಅಮರನಾಥ್ ಸೇರಿ ಅದರಲ್ಲಿದ್ದ ನಾಲ್ವರೂ ತೀರಿಕೊಂಡರು.

ನಾಲ್ಕು ತಿಂಗಳ ಮೇಲೆ, ಆಗಸ್ಟಿನಲ್ಲಿ, 'ಆಪ್ತಮಿತ್ರ' ಬಿಡುಗಡೆಯಾಯಿತು. ನಿರ್ದೇಶಕ ಪಿ. ವಾಸು, ನಿರ್ಮಾಪಕ ದ್ವಾರಕೀಶ್, ನಾಯಕ ವಿಷ್ಣುವರ್ಧನ್. ಮೂಲ 1993ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್'. ಮೂಲದಲ್ಲಿ ಮಲಯಾಳಿ ಮನೆಯ ಸೊಸೆಯನ್ನು ಆವರಿಸುವವಳು ತಂಜಾವೂರಿನ ನರ್ತಕಿ, ಆಗ ಆಕೆ ತಮಿಳು ಆಡುತ್ತಾಳೆ. ಕನ್ನಡಕ್ಕೆ ತರುವಾಗ ಆ ಪಕ್ಕದ ಭಾಷೆ ಯಾವುದಾಗಬೇಕು? ವಾಸು ತೆಲುಗನ್ನು ಆರಿಸಿದರು. ಸೌಂದರ್ಯ ಅಭಿನಯಿಸಿದ ಗಂಗಾ ಎಂಬ ಸೌಮ್ಯ ಸ್ವಭಾವದ ಹೆಂಡತಿ ನರ್ತಕಿ ನಾಗವಲ್ಲಿಯಾದಾಗ ಬಾಯಿಯಿಂದ ತೆಲುಗು ಬರುತ್ತದೆ, 'ರಾ ರಾ' ಹಾಡು ತೆಲುಗಿನಲ್ಲೇ ಇದೆ. ಕೋಲಾರದ ಪ್ರೇಕ್ಷಕರಿಗೆ ಇದರಲ್ಲಿ ಇನ್ನೊಂದು ಮಜಾ ಇತ್ತು: ಬೇರೆಡೆಯವರಿಗೆ ಭಯ ಹುಟ್ಟಿಸಲು ಇಟ್ಟ ಆ ಭಾಷೆ ಇವರಿಗೆ ಮನೆಮಾತು. ಹಾಡಿನಲ್ಲಿ ಗಮನಿಸಬೇಕಾದದ್ದು ನೃತ್ಯಕ್ಕಿಂತ ಕಣ್ಣಿನ ಕೆಲಸ. ರಾಜನನ್ನು ಕಂಡಾಗ ಒಂದು ಕಣ್ಣು, ಪ್ರಿಯಕರನನ್ನು ಕಂಡಾಗ ಇನ್ನೊಂದು, ನಡುವೆ ಒಂದು ಕ್ಷಣ ಗಂಗಾಳ ಗೊಂದಲದ ನೋಟ. ಅದೇ ಹಾಡಿನ ಕಲ್ಪನೆಯನ್ನು ವಾಸು ಮರುವರ್ಷ ರಜನಿಕಾಂತ್ ಅವರ 'ಚಂದ್ರಮುಖಿ'ಗೂ ಕೊಂಡೊಯ್ದರು. ಸೌಂದರ್ಯ ಅವರಿಗೆ ಕನ್ನಡದ ಫಿಲಂಫೇರ್ ಪ್ರಶಸ್ತಿ ಮರಣಾನಂತರ ಬಂತು. 'ದ್ವೀಪ'ಕ್ಕೂ ಅದು ಬಂದಿತ್ತು.

ತೆಲುಗು ನಟ ಬಾಲಕೃಷ್ಣ ನಿರ್ದೇಶಿಸುತ್ತಿದ್ದ 'ನರ್ತನಶಾಲ'ದಲ್ಲಿ ಆಕೆ ದ್ರೌಪದಿಯಾಗಿದ್ದರು. ಆಕೆ ತೀರಿಕೊಂಡಾಗ ಚಿತ್ರ ಅಲ್ಲಿಗೇ ನಿಂತಿತು, ಆಗ ಚಿತ್ರೀಕರಿಸಿದ್ದಷ್ಟನ್ನು 2020ರಲ್ಲಿ ಬಿಡುಗಡೆ ಮಾಡಿದರು. ಅದನ್ನು ಕುತೂಹಲಕ್ಕೆ ನೋಡಬಹುದು. ಆಕೆಯ ಕೆಲಸ ತಿಳಿಯಬೇಕೆಂದಿರುವವರು 'ದ್ವೀಪ'ದಿಂದ ಆರಂಭಿಸಲಿ, ಆಮೇಲೆ 'ಅಂತಃಪುರಂ', ಆಮೇಲೆ 'ಆಪ್ತಮಿತ್ರ'. 'ಸೂರ್ಯವಂಶಂ' ಹುಡುಕುವ ಕಷ್ಟವಿಲ್ಲ, ಟಿ.ವಿ. ಹಾಕಿದರೆ ಅದಾಗಿಯೇ ಬರುತ್ತದೆ.